‘ಯಾವುದು?’ ಎಂದು ಕೇಳಿದ ಅಜ್ಜ

ಕೇಳುಗರೆಲ್ಲರಿಗೂ ನಮಸ್ಕಾರ.

ಬಾತುಬೇಟೆಯನ್ನು ಒಂದು ಮನೆತನ ಅಜ್ಜನಿಂದ ಮೊಮ್ಮಗನಿಗೆ ಹೇಗೆ ದಾಟಿಸುತ್ತದೆ ಎಂಬುದು ಇಂದು ನಾನು ಮಾತನಾಡಬೇಕಾಗಿರುವ ವಿಷಯ. ಬೇಟೆ ಎಂಬ ಮಾತು ಕೇಳಿದೊಡನೆ ರೇಡಿಯೊದ ಕಿವಿ ಹಿಂಡಿ ಬೇರೆ ನಿಲಯಕ್ಕೆ ಹೊರಟವರು ದಯವಿಟ್ಟು ಹತ್ತು ನಿಮಿಷ ತಾಳಬೇಕು. ನಮ್ಮ ದೇಶದಲ್ಲಿ ಕಾಡುಬಾತನ್ನು ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂದು ಅಪರಾಧ, ಅದು ಅಪರಾಧವಾಗಿಯೇ ಇರಲಿ. ನಾನು ಹೇಳಹೊರಟಿರುವುದು ಅಮೆರಿಕದ ಮಾತು, ಅಲ್ಲಿ ಕಾನೂನಿನ ಕಟ್ಟುಪಾಡಿನೊಳಗೆ ಇಂದಿಗೂ ನಡೆಯುವ ಬೇಟೆಯ ಮಾತು. ಅದರಲ್ಲೂ ನನಗೆ ಹೇಳಬೇಕೆನಿಸುವುದು ಒಂದೇ ಸಂಗತಿ. ಮಗುವನ್ನು ನೀರಿನ ಬಳಿಗೆ ಕರೆದೊಯ್ಯುವ ಹಿರಿಯರ ಕೈ ಬರಿದಾಗಿರಬೇಕು, ಬಾಯಲ್ಲಿ ಒಂದು ಪ್ರಶ್ನೆ ಇರಬೇಕು.

ಆ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು 2008ರ ನವೆಂಬರಿನಲ್ಲಿ, ಮೇರಿಲ್ಯಾಂಡ್ ರಾಜ್ಯದ ಚೆಸಪೀಕ್ ಕೊಲ್ಲಿಯ ದಡದಲ್ಲಿ. ಹಕ್ಕಿಗಳ ಅಧ್ಯಯನಕ್ಕೆಂದು ಹೋಗಿದ್ದ ನನ್ನನ್ನು ಅಲ್ಲಿನ ಒಂದು ಕುಟುಂಬ ತನ್ನ ಜೊತೆ ಕರೆದುಕೊಂಡು ಹೋಗಿತ್ತು. ಎಪ್ಪತ್ತು ದಾಟಿದ ಅಜ್ಜ, ಆತನ ಮಗಳು, ಆಕೆಯ ಹನ್ನೆರಡು ವರ್ಷದ ಮಗ, ಒಂದು ಕಂದು ಬಣ್ಣದ ನಾಯಿ, ಕೊನೆಗೆ ನಾನು. ಅಂದು ಮಕ್ಕಳ ಬೇಟೆಯ ದಿನ. 1996ರಿಂದ ಅಲ್ಲಿನ ಕೇಂದ್ರ ಸರ್ಕಾರ ಇಂಥ ವಿಶೇಷ ದಿನಗಳಿಗೆ ಅವಕಾಶ ಕೊಟ್ಟಿದೆ. ಅದರ ನಿಯಮವನ್ನು ಕೇಳಿದಾಗ ನಾನು ನಿಜಕ್ಕೂ ಬೆರಗಾದೆ. ಮಗುವಿನ ಜೊತೆ ಒಬ್ಬ ವಯಸ್ಕರು ಇರಲೇಬೇಕು, ಆದರೆ ಆ ವಯಸ್ಕರು ಅಂದು ಬಾತುಗಳನ್ನು ಹೊಡೆಯುವಂತಿಲ್ಲ. ಹಿರಿಯರ ಕೈ ಬರಿದಾಗಿರಬೇಕು ಎಂದು ನಾನು ಹೇಳಿದೆನಲ್ಲ, ಅದು ನನ್ನ ಉಪದೇಶವಲ್ಲ ಸ್ವಾಮಿ, ಆ ದೇಶದ ಕಾನೂನು.

ಬೆಳಗಿನ ನಾಲ್ಕು ಗಂಟೆಗೆ ಹೊರಟೆವು. ಆಳುದ್ದದ ಜೊಂಡು ಕಟ್ಟಿ ಮಾಡಿದ ಒಂದು ಮರೆ, ಅದರೊಳಗೆ ಹಲಗೆಯ ಬೆಂಚು, ಮುಂದೆ ಮೊಣಕಾಲುದ್ದದ ತಣ್ಣೀರು. ಹುಡುಗ ಆ ನೀರಿಗಿಳಿದು ಮರದ ಬೊಂಬೆ ಬಾತುಗಳನ್ನು ಒಂದೊಂದಾಗಿ ತೇಲಿಬಿಟ್ಟ. ನಮ್ಮ ಹಳಗನ್ನಡದಲ್ಲಿ ಬೇಟೆಗೆ ಒಡ್ಡುವ ಪ್ರಾಣಿಯನ್ನು ದೀಹ ಎನ್ನುತ್ತಿದ್ದರು. ಆ ಒಳ್ಳೆಯ ಪದವನ್ನು ನಾವು ಮರೆತಿರುವುದರಿಂದ ಇಲ್ಲಿ ಬೊಂಬೆ ಎನ್ನುತ್ತಿದ್ದೇನೆ. ಹಾರುವ ಬಾತುಗಳು ತಮ್ಮವರೇ ಕೆಳಗೆ ಮೇಯುತ್ತಿದ್ದಾರೆಂದು ನಂಬಿ ಇಳಿಯಲಿ ಎಂಬುದು ಇದರ ಉಪಾಯ. ಈ ಉಪಾಯ ಬಿಳಿಯರು ತಂದದ್ದಲ್ಲ. ನೆವಾಡಾದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಅಗೆದಾಗ ಅಲ್ಲಿನ ಮೂಲನಿವಾಸಿಗಳು ಜೊಂಡಿನಿಂದ ಹೆಣೆದ 11 ಬೊಂಬೆ ಬಾತುಗಳು ಸಿಕ್ಕವು, ಸುಮಾರು ಎರಡು ಸಾವಿರ ವರ್ಷ ಹಳೆಯವು. ನಮ್ಮ ಹುಡುಗನ ಕೈಯಲ್ಲಿದ್ದವು ಅಷ್ಟು ಹಳೆಯವಲ್ಲ. ಅಜ್ಜನ ತಂದೆ ಸೀಡರ್ ಮರದಲ್ಲಿ ಕೆತ್ತಿದವು. ಕೆಲವಕ್ಕೆ ಕೊಕ್ಕು ಮುರಿದು ಅಜ್ಜ ಹೊಸ ತಲೆ ಕೂರಿಸಿದ್ದ. ಪ್ರತಿ ಬೇಸಿಗೆ ಬಣ್ಣ ಬಳಿಯುವುದು ಮೊಮ್ಮಗನ ಕೆಲಸ. ಯಾವ ಬಾತಿನ ಯಾವ ಗರಿಗೆ ಯಾವ ಬಣ್ಣ ಎಂದು ತಿಳಿಯದೆ ಬಣ್ಣ ಬಳಿಯಲಾಗುವುದಿಲ್ಲ. ಕೋವಿ ಮುಟ್ಟುವ ಮೊದಲೇ ಆ ಹುಡುಗ ಮೂರು ಬೇಸಿಗೆ ಬಣ್ಣ ಬಳಿದಿದ್ದನಂತೆ.

ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಗುಂಡು ಹಾರಿಸಲು ಅನುಮತಿ. ತಾಯಿ ಕೊರಳಲ್ಲಿದ್ದ ಮರದ ಪೀಪಿಯನ್ನು ಊದಿ ಬಾತಿನ ದನಿ ಹೊರಡಿಸಿದಳು. ಮಬ್ಬಿನಲ್ಲಿ ಐದಾರು ಹಕ್ಕಿಗಳು ತಿರುಗಿ ಬಂದವು. ಹುಡುಗ ಕೋವಿ ಎತ್ತಿದ. ಅಜ್ಜ ಪಕ್ಕದಲ್ಲಿ ಕೈಕಟ್ಟಿ ಕುಳಿತು ಮೆಲ್ಲಗೆ ‘ಯಾವುದು?’ ಎಂದ. ಹುಡುಗ ಉತ್ತರಿಸಲಿಲ್ಲ, ಕೋವಿ ಇಳಿಸಿದ. ಹಕ್ಕಿಗಳು ಹೋದವು. ಎರಡನೆಯ ಸಲವೂ ‘ಯಾವುದು?’. ಮೂರನೆಯ ಸಲವೂ ಅದೇ. ನನಗೇ ಚಡಪಡಿಕೆ ಹತ್ತಿತು. ಇಷ್ಟು ದೂರ ಬಂದು, ಕಾಲು ಮರಗಟ್ಟುವಂತೆ ಕುಳಿತು, ಈ ಮುದುಕ ಮಗುವಿಗೆ ಒಂದು ಗುಂಡನ್ನೂ ಹಾರಿಸಗೊಡುವುದಿಲ್ಲವಲ್ಲ ಎಂದು ಒಳಗೇ ಗೊಣಗಿಕೊಂಡೆ.

ನಾಲ್ಕನೆಯ ಸಲ ಬೆಳಕು ಬಂದಿತ್ತು. ಎರಡೇ ಹಕ್ಕಿಗಳು, ನೀರಿಗೆ ತಾಗುವಷ್ಟು ತಗ್ಗಿನಲ್ಲಿ, ನೇರವಾಗಿ ನಮ್ಮ ಕಡೆಗೇ ಬಂದವು. ಮುಂದಿನದರ ತಲೆ ಇಟ್ಟಿಗೆಗೆಂಪು, ಬೆನ್ನು ಬೆಳ್ಳಗೆ, ಹಣೆ ಮತ್ತು ಕೊಕ್ಕು ಒಂದೇ ಇಳಿಜಾರಿನಲ್ಲಿ ಸೇರಿದಂತೆ ಕಾಣುತ್ತಿತ್ತು. ಅಜ್ಜ ಬಾಯಿ ತೆರೆಯುವ ಮೊದಲೇ ಹುಡುಗ ‘ಕ್ಯಾನ್ವಾಸ್‌ಬ್ಯಾಕ್’ ಎಂದು ಪಿಸುಗುಟ್ಟಿ ತಾನಾಗಿಯೇ ಕೋವಿಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಆ ವರ್ಷ ಸಂಖ್ಯೆ ಇಳಿದಿತ್ತೆಂದು ಇಡೀ ದೇಶದಲ್ಲಿ ಆ ಬಾತಿನ ಬೇಟೆಯನ್ನು ನಿಲ್ಲಿಸಿದ್ದರು. ನಮ್ಮಲ್ಲಿಗೆ ಚಳಿಗಾಲದಲ್ಲಿ ಬರುವ ಕೆಂದಲೆ ಬಾತಿನ ಹತ್ತಿರದ ನಂಟ ಅದು. ಎರಡೂ ಹಕ್ಕಿಗಳು ಬೊಂಬೆಗಳ ನಡುವೆ ಇಳಿದು, ಅತ್ತಿತ್ತ ನೋಡಿ, ಈ ನೆಂಟರಲ್ಲೇನೋ ಐಬಿದೆ ಎನ್ನುವಂತೆ ಎದ್ದುಹೋದವು. ಅಜ್ಜ ಏನೂ ಹೇಳಲಿಲ್ಲ. ಫ್ಲಾಸ್ಕಿನ ಮುಚ್ಚಳಕ್ಕೆ ಬಿಸಿ ಕೋಕೋ ಸುರಿದು ಮೊದಲು ಹುಡುಗನಿಗೆ ಕೊಟ್ಟ.

ಆ ಮೌನದ ಹಿಂದೆ ಏನಿತ್ತು ಎಂಬುದು ಅಲ್ಲಿನ ಇತಿಹಾಸ ತಿಳಿದರೆ ಅರ್ಥವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಕೊಲ್ಲಿಯಲ್ಲಿ ದೋಣಿಗೆ ಕಟ್ಟಿದ ಫಿರಂಗಿಯಂಥ ಕೋವಿಗಳಿಂದ ಮಲಗಿದ ಹಿಂಡಿನ ಮೇಲೆ ರಾತ್ರೋರಾತ್ರಿ ಗುಂಡು ಹಾರಿಸಿ, ಈ ಕ್ಯಾನ್ವಾಸ್‌ಬ್ಯಾಕ್‌ಗಳನ್ನು ಪೀಪಾಯಿಗಳಲ್ಲಿ ತುಂಬಿ ನಗರದ ಹೋಟೆಲುಗಳಿಗೆ ಸಾಗಿಸುತ್ತಿದ್ದರು. ಯಾರೂ ಯಾರನ್ನೂ ‘ಯಾವುದು?’ ಎಂದು ಕೇಳಲಿಲ್ಲ. 1918ರಲ್ಲಿ ವಲಸೆ ಹಕ್ಕಿಗಳ ಕಾಯ್ದೆ ಬಂದ ಮೇಲೆ ಆ ವ್ಯಾಪಾರಕ್ಕೆ ತೆರೆ ಬಿತ್ತು. 1935ರಲ್ಲಿ ಜೀವಂತ ಬಾತುಗಳನ್ನು ಕಟ್ಟಿ ಆಮಿಷ ಒಡ್ಡುವುದೂ ಕಾಳು ಚೆಲ್ಲಿ ಬರಮಾಡಿಕೊಳ್ಳುವುದೂ ನಿಂತವು. 1991ರ ಹೊತ್ತಿಗೆ ಬಾತುಬೇಟೆಗೆ ಸೀಸದ ಚರೆಯ ಬಳಕೆಯೂ ದೇಶಾದ್ಯಂತ ನಿಂತಿತು, ಏಕೆಂದರೆ ಕೆಸರಿನಲ್ಲಿ ಉಳಿದ ಚರೆಯನ್ನು ಕಲ್ಲಿನ ಹರಳೆಂದು ನುಂಗಿ ಹಕ್ಕಿಗಳು ಸಾಯುತ್ತಿದ್ದವು.

ಅಂದು ಹುಡುಗ ಕೊನೆಗೂ ಒಂದು ಬಾತನ್ನು ಹೊಡೆದ. ಗಂಡು ಮ್ಯಾಲಾರ್ಡ್, ಹಸಿರು ತಲೆಯದು. ನಾಯಿ ಈಜಿಹೋಗಿ ಗರಿ ಕೆಡದಂತೆ ಕಚ್ಚಿ ತಂದಿತು. ಅಜ್ಜ ಶಭಾಷ್ ಎನ್ನುವ ಬದಲು ರೆಕ್ಕೆಯನ್ನು ಬಿಡಿಸಿ ಹಿಡಿಸಿದ. ನೀಲಿ ಪಟ್ಟಿ, ಅದರ ಎರಡೂ ಅಂಚಿಗೆ ಬಿಳಿ ಗೆರೆ. ಈ ವರ್ಷದ ಮರಿಯೋ ಹಳೆಯ ಹಕ್ಕಿಯೋ ಎಂದು ಗರಿಯ ತುದಿಯ ಸವಕಳಿ ನೋಡಿ ಹೇಳಬೇಕು. ಮನೆಗೆ ಹೋದ ಮೇಲೆ ಒಂದು ರೆಕ್ಕೆಯನ್ನು ಕತ್ತರಿಸಿ ಸರ್ಕಾರ ಕಳುಹಿಸಿದ್ದ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದರು. ಹೌದು, ರೆಕ್ಕೆಯನ್ನೇ. ಆಯ್ದ ಬೇಟೆಗಾರರು ಹೀಗೆ ಕಳುಹಿಸುವ ರೆಕ್ಕೆಗಳನ್ನು ಮೇಜಿನ ಮೇಲೆ ಹರಡಿಕೊಂಡು ವಿಜ್ಞಾನಿಗಳು ಮರಿ ಎಷ್ಟು, ಬೆಳೆದದ್ದೆಷ್ಟು, ಗಂಡೆಷ್ಟು, ಹೆಣ್ಣೆಷ್ಟು ಎಂದು ಲೆಕ್ಕ ಹಾಕುತ್ತಾರೆ; ಮುಂದೆ ಎಷ್ಟು ಹೊಡೆಯಬಹುದು ಎಂದು ನಿಗದಿ ಮಾಡುವಾಗ ಆ ಲೆಕ್ಕವೂ ಮುಂದಿರುತ್ತದೆ. ಉಳಿದ ಬಾತನ್ನು ಆ ರಾತ್ರಿ ಈರುಳ್ಳಿ, ಸೇಬು ಹಾಕಿ ಬೇಯಿಸಿದರು. ಸಸ್ಯಾಹಾರಿಯಾದ ನನಗೆ ಆಲೂಗಡ್ಡೆ ಸಿಕ್ಕಿತು.

ಒಂದೇ ಬೆಳಗಿನ ಕಥೆಯಲ್ಲಿ ನನ್ನ ಸಮಯದ ಬಹುಪಾಲು ಕಳೆಯಿತು. ಬಾತಿನ ಚೀಟಿಯ, ಎಂದರೆ ಅಂಚೆಚೀಟಿಯಂತೆ ಕಾಣುವ ಬೇಟೆಯ ಪರವಾನಗಿಯ ಬಗ್ಗೆ ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಈಗ ಚುಟುಕಾಗಿ ಹೇಳಿಬಿಡುತ್ತೇನೆ. 1934ರಲ್ಲಿ ಒಂದು ಡಾಲರಿಗೆ ಆರಂಭವಾದ ಈ ಚೀಟಿಗೆ ಈಗ 25 ಡಾಲರ್. ಮೊದಲ ಚೀಟಿಯ ಚಿತ್ರ ಬರೆದವರು ಡಿಂಗ್ ಡಾರ್ಲಿಂಗ್ ಎಂಬ ವ್ಯಂಗ್ಯಚಿತ್ರಕಾರರು. ಹದಿನಾರು ತುಂಬಿದ ಪ್ರತಿ ಬಾತುಬೇಟೆಗಾರರೂ ಇದನ್ನು ಕೊಳ್ಳಬೇಕು, ಕಾಗದದ ಚೀಟಿಯಾದರೆ ಮೇಲೆ ಶಾಯಿಯಲ್ಲಿ ಸಹಿ ಹಾಕಬೇಕು. ಡಾಲರಿನಲ್ಲಿ 98 ಸೆಂಟ್ ಜೌಗುನೆಲವನ್ನು ಕೊಂಡು ಕಾಯುವುದಕ್ಕೇ ಹೋಗುತ್ತದೆ. ಹೀಗೆ ಸುಮಾರು 60 ಲಕ್ಷ ಎಕರೆ ಉಳಿದಿದೆ. ಆ ಮನೆಯಲ್ಲಿ ಮೂರು ತಲೆಮಾರಿನ ಸಹಿಗಳಿದ್ದ ಚೀಟಿಗಳ ಒಂದು ಆಲ್ಬಂ ಇತ್ತು. ಕೊನೆಯ ಪುಟದಲ್ಲಿ ಹನ್ನೆರಡರ ಹುಡುಗನದೂ ಒಂದು ಸಹಿ, ಸೊಟ್ಟ ಅಕ್ಷರದಲ್ಲಿ. ಅವನಿಗೆ ಚೀಟಿಯ ಅಗತ್ಯವೇ ಇರಲಿಲ್ಲ.

ನನ್ನ ತಾತನೂ ಕೆರೆಯಲ್ಲಿ ಬಾತು ಹೊಡೆದವರೇ. ಅವರ ನಂತರ ಮನೆಯಲ್ಲಿ ಉಳಿದದ್ದು ಕೋವಿ ತೂಗುಹಾಕುತ್ತಿದ್ದ ಎರಡು ಮೊಳೆಗಳು ಮಾತ್ರ. ಅವರ ಬಾಯಲ್ಲಿ ಎಲ್ಲವೂ ಕೆರೆ ಹಕ್ಕಿಯೇ ಆಗಿತ್ತು, ಒಂದರ ಹೆಸರನ್ನೂ ನಾನು ಅವರಿಂದ ಕಲಿಯಲಿಲ್ಲ. ಇಂದು ನಮ್ಮ ಕೈಯಲ್ಲಿ ಕೋವಿ ಇಲ್ಲ, ಮೊಬೈಲಿದೆ. ಕೆರೆ ಏರಿಯ ಮೇಲೆ ಮೊಮ್ಮಗಳನ್ನು ನಿಲ್ಲಿಸಿ ಹತ್ತು ಫೋಟೊ ತೆಗೆದು, ಕಪ್ಪಗೆ ತೇಲುವುದನ್ನೆಲ್ಲ ಬಾತುಕೋಳಿ ಎಂದು ತೋರಿಸಿ ಮನೆಗೆ ಮರಳುವ ತಾತಂದಿರನ್ನು ನಾನು ಪ್ರತಿ ಭಾನುವಾರ ನೋಡುತ್ತೇನೆ, ಹಲ್ಲು ಕಚ್ಚಿ ಸುಮ್ಮನಿರುತ್ತೇನೆ. ಹಣೆಯ ಮೇಲೆ ಬಿಳಿಯ ನಾಮವಿರುವ ಆ ಕಪ್ಪು ಹಕ್ಕಿ ನಾಮದ ಕೋಳಿ, ಅದು ಬಾತು ಅಲ್ಲವೇ ಅಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಮೈಸೂರಿನ ಸುತ್ತಲಿನ ಕೆರೆಗಳಿಗೂ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ತಲೆಯ ಹಿಂದೆ ಎರಡು ಕಪ್ಪು ಪಟ್ಟೆಗಳಿರುತ್ತವೆ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಿಗೆ ಅಂಕೆಯ ಪಟ್ಟಿ ತೊಡಿಸಿದ ಹೆಬ್ಬಾತುಗಳೂ ಇಲ್ಲಿ ಕಂಡಿವೆ. ಆ ಅಂಕೆಯನ್ನು ಓದಲು ನಿಮ್ಮ ಮೊಮ್ಮಗಳ ಕಣ್ಣು ನಿಮ್ಮದಕ್ಕಿಂತ ಚುರುಕು.

ಆದ್ದರಿಂದ ಬರುವ ಭಾನುವಾರ ಬೆಳಗಿನ ಆರೂವರೆಗೆ ಕೆರೆಗೆ ಹೋಗಿ. ಸೂರ್ಯ ಬೆನ್ನಿಗಿರುವಂತೆ ಕುಳಿತುಕೊಳ್ಳಿ. ಮೊಬೈಲನ್ನು ಜೇಬಿನಲ್ಲಿಡಿ. ಒಂದು ದುರ್ಬೀನು ಸಿಕ್ಕರೆ ಅದನ್ನು ಮಗುವಿಗೇ ಕೊಡಿ, ನೀವು ಕಸಿದುಕೊಳ್ಳಬೇಡಿ. ಮಗು ಬೆರಳು ತೋರಿಸಿದಾಗ ನೀವು ಹೆಸರು ಹೇಳಿಬಿಡಬೇಡಿ, ‘ಯಾವುದು?’ ಎಂದು ಕೇಳಿ, ಉತ್ತರ ಬರುವವರೆಗೂ ಕಾಯಿರಿ.

ನಮಸ್ಕಾರ.