ನಡುಮನೆಗೆ ಬೇಕಿರುವುದು ಬೆಳಕು, ಕಪ್ಪು ಗಾಜಲ್ಲ

ನಮಸ್ಕಾರ. ಬೆಂಗಳೂರಿನ ಯಾವುದಾದರೂ 30-40 ಸೈಟಿನ ಮನೆಗೆ ಮಟಮಟ ಮಧ್ಯಾಹ್ನ ಹೋಗಿ ನೋಡಿ. ಹೊರಗೆ ಬಿಸಿಲು ರಾಚುತ್ತಿರುತ್ತದೆ. ಒಳಗೆ ಊಟದ ಟೇಬಲ್ ಮೇಲೆ ಲೈಟ್ ಉರಿಯುತ್ತಿರುತ್ತದೆ. ಎಡಕ್ಕೂ ಬಲಕ್ಕೂ ಪಕ್ಕದ ಮನೆಯ ಗೋಡೆ ಅಂಟಿಕೊಂಡಿದೆ. ಕಿಟಕಿಗೆ ಜಾಗ ಇರುವುದು ಮುಂದೆ ಮತ್ತು ಹಿಂದೆ ಮಾತ್ರ. ನಡುಮನೆ ಪೂರ್ತಿ ಕತ್ತಲೆ.

ಹಾಗಂತ ಈ ಮನೆಗಳಲ್ಲಿ ಗಾಜು ಇಲ್ಲ ಅಂತೇನಿಲ್ಲ. ಟಿವಿ ಹಿಂದೆ ಕಪ್ಪು ಗಾಜು, ವಾರ್ಡ್‌ರೋಬಿಗೆ ಕಂದು ಕನ್ನಡಿ, ಕಿಟಕಿಗೆ ನೀಲಿ ಗಾಜು. ಬೆಳಕು ಒಳಗೆ ಬಿಡಬೇಕಾದ ವಸ್ತುವನ್ನೇ ತಂದು ಇರೋ ಬೆಳಕನ್ನೂ ಕಳೆದುಕೊಳ್ಳುತ್ತೇವೆ. ಇದು ನನಗೆ ನಿಜಕ್ಕೂ ಬೇಜಾರು ತರಿಸುತ್ತದೆ. ಯಾಕೆಂದರೆ ನಮಗೆ ಇದಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಕರಾವಳಿ, ಮಲೆನಾಡಿನ ಹೆಂಚಿನ ಮನೆಗಳನ್ನು ನೆನಪಿಸಿಕೊಳ್ಳಿ. ಮಣ್ಣಿನ ಹೆಂಚುಗಳ ನಡುವೆ ಅಲ್ಲೊಂದು ಇಲ್ಲೊಂದು ಗಾಜಿನ ಹೆಂಚು. ಅದೇ ಅಳತೆ, ಅದೇ ಆಕಾರ. ಒಂದು ತೆಗೆದು ಇನ್ನೊಂದು ಕೂರಿಸಿದರೆ ಆಯ್ತು. ಅಡುಗೆಮನೆಯ ಹೊಗೆಯೊಳಗೆ ಬಿಸಿಲುಕೋಲು ಇಳಿಯುತ್ತಿತ್ತು. ಪೇಟೆಯ ಮನೆಗಳಲ್ಲಿ ಬಾಗಿಲ ಮೇಲೊಂದು ವೆಂಟಿಲೇಟರ್, ಅದಕ್ಕೆ ಡಿಸೈನ್ ಗ್ಲಾಸು. ಬಾಗಿಲು ಹಾಕಿದರೂ ಪಕ್ಕದ ಕೋಣೆಯ ಬೆಳಕು ಈಚೆಗೆ ಬರುತ್ತಿತ್ತು.

ಪ್ಯಾರಿಸ್‌ನಲ್ಲಿ ಒಂದು ಮನೆ ಇದೆ, ಮೇಝೋಂ ದ ವೆರ್, ಅಂದರೆ ಗಾಜಿನ ಮನೆ. 1928ರಿಂದ 1932ರ ನಡುವೆ ಪಿಯರ್ ಶಾರೋ ಮತ್ತು ಬರ್ನಾರ್ಡ್ ಬೈವೂಟ್ ಎಂಬ ವಾಸ್ತುಶಿಲ್ಪಿಗಳು ಒಬ್ಬ ಡಾಕ್ಟರಿಗಾಗಿ ಕಟ್ಟಿದ್ದು. ಹಳೇ ಕಟ್ಟಡವನ್ನು ಪೂರ್ತಿ ಕೆಡವೋಣ ಅಂದರೆ ಮೇಲಿನ ಮಹಡಿಯ ಬಾಡಿಗೆದಾರರು ಖಾಲಿ ಮಾಡಲು ಒಪ್ಪಲಿಲ್ಲ. ಆ ಮಹಡಿಯನ್ನು ಹಾಗೇ ಉಳಿಸಿಕೊಂಡು ಅದರ ಕೆಳಗೆ ಹೊಸ ಮನೆ ಕಟ್ಟಿದರು! ಅಲ್ಲೂ ನಮ್ಮದೇ ಕಷ್ಟ: ಅಕ್ಕಪಕ್ಕ ಗೋಡೆ, ಬೆಳಕು ಬರುವುದು ಹಿಂದೆ ಮುಂದೆ ಮಾತ್ರ. ಅವರು ಮುಂದಿನ ಗೋಡೆಯನ್ನೇ ಗಾಜಿನ ಇಟ್ಟಿಗೆಯಲ್ಲಿ ಎಬ್ಬಿಸಿದರು. ಬೆಳಕು ಬರುತ್ತದೆ, ಒಳಗಿರುವವರು ಹೊರಗೆ ಸ್ಪಷ್ಟವಾಗಿ ಕಾಣುವುದಿಲ್ಲ.

ಇದನ್ನೇ ನಾವು ಕಡಿಮೆ ಖರ್ಚಿನಲ್ಲಿ ಮಾಡಬಹುದು. ಮುಂದಿನ ರೂಮಿಗೂ ನಡುಮನೆಗೂ ಮಧ್ಯೆ ಪೂರ್ತಿ ಗೋಡೆ ಯಾಕೆ ಬೇಕು? ಮೇಲಿನ ಒಂದೆರಡು ಅಡಿಯಾದರೂ ಗಾಜು ಇರಲಿ. ಪೂಜೆ ಮನೆಗೂ ಅಡುಗೆಮನೆಗೂ ಈಗ ಎಲ್ಲರೂ ಕೇಳುವ ಫ್ಲೂಟೆಡ್ ಗ್ಲಾಸ್ ನನಗೆ ತುಂಬಾ ಇಷ್ಟ. ಉದ್ದುದ್ದ ಗೀರುಗಳಿರುವ ಗಾಜು. ಅದರ ಆಚೆ ಬದಿಗೆ ಕೈ ತಾಗಿಸಿ ಹಿಡಿದರೆ ಈಚೆಯಿಂದ ಬೆರಳುಗಳು ಗೊತ್ತಾಗುತ್ತವೆ. ಎರಡು ಹೆಜ್ಜೆ ಹಿಂದೆ ಸರಿದರೆ ಮನುಷ್ಯ ಬರೀ ಬಣ್ಣದ ಪಟ್ಟಿಗಳಾಗಿಬಿಡುತ್ತಾನೆ. ಪಾತ್ರೆಯ ರಾಶಿ ಕಾಣುವುದಿಲ್ಲ, ಬೆಳಕು ಮಾತ್ರ ಬರುತ್ತದೆ. ನುಣುಪಾದ ಮುಖ ಒಲೆಯ ಕಡೆಗಿರಲಿ. ಇಲ್ಲದಿದ್ದರೆ ಒಗ್ಗರಣೆಯ ಜಿಡ್ಡು ಗೀರುಗಳಲ್ಲಿ ಕೂತು ಒರೆಸಿ ಒರೆಸಿ ಸಾಕಾಗುತ್ತದೆ.

ಬಾತ್‌ರೂಮಿಗೆ ಫ್ರಾಸ್ಟೆಡ್, ಅಂದರೆ ಮಬ್ಬು ಗಾಜು ಸರಿ. ಆದರೆ ಮರಳು ಬೀಸಿ ಮಾಡಿದ್ದಾದರೆ ಒರಟು ಮುಖ ನೀರು ಬೀಳದ ಕಡೆಗೆ ಇರಬೇಕು. ಒದ್ದೆಯಾದರೆ ಅದರ ಆಚೆಗಿನದು ಕಾಣತೊಡಗುತ್ತದೆ! ಇನ್ನು ಕಿಟಕಿಯ ರಿಫ್ಲೆಕ್ಟಿವ್ ಗ್ಲಾಸ್, ಹೊರಗಿನಿಂದ ಕನ್ನಡಿಯಂತೆ ಹೊಳೆಯುವ ಗಾಜು. ಹಗಲು ಹೊರಗಿನವರಿಗೆ ಒಳಗೇನೂ ಕಾಣಲ್ಲ, ನಿಜ. ರಾತ್ರಿ ಲೈಟ್ ಹಾಕಿದ ಕೂಡಲೇ ಎಲ್ಲಾ ತಿರುಗುಮುರುಗು. ಒಳಗಿರುವ ನಿಮಗೆ ಕಾಣುವುದು ನಿಮ್ಮ ಮುಖ, ರಸ್ತೆಯಲ್ಲಿರುವವರಿಗೆ ಕಾಣುವುದು ನಿಮ್ಮ ಇಡೀ ಹಾಲ್. ಕೊನೆಗೆ ಪರದೆ ಹಾಕಲೇಬೇಕು. ಮತ್ತೆ ಹಗಲಿನ ಬೆಳಕು ಕಳೆದುಕೊಂಡಿದ್ದು ಯಾವ ಪುರುಷಾರ್ಥಕ್ಕೆ?

ಈಗ ನಾನು ಯಾವ ಕಾರಣಕ್ಕೂ ರಾಜಿ ಆಗದ ವಿಷಯ. ಗಾಜು ಹಾಕಿಸುವಾಗ ಬಣ್ಣ, ಡಿಸೈನ್ ಆಮೇಲೆ ನೋಡಿ. ಒಡೆದರೆ ಏನಾಗುತ್ತದೆ ಅಂತ ಮೊದಲು ಕೇಳಿ. ಪ್ಲೇನ್ ಗ್ಲಾಸ್ ಒಡೆದರೆ ಉದ್ದುದ್ದ ಚೂಪು ಚೂರುಗಳು. ಟಫನ್ಡ್ ಗ್ಲಾಸನ್ನು 600 ಡಿಗ್ರಿಗಿಂತ ಜಾಸ್ತಿ ಕಾಯಿಸಿ, ಗಾಳಿ ಬೀಸಿ ಥಟ್ಟನೆ ತಣಿಸಿರುತ್ತಾರೆ. ಅದು ಮಾಮೂಲಿ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಒಡೆದರೂ ಕಡಲೆಕಾಳಿನಷ್ಟು ಸಣ್ಣ ಚೂರಾಗಿ ಉದುರುತ್ತದೆ. ಸ್ನಾನದ ಜಾಗದ ಪಾರ್ಟಿಷನ್, ಗಾಜಿನ ಬಾಗಿಲು, ಒಲೆ ಹಿಂದಿನ ಬಣ್ಣದ ಗಾಜು, ಮೂರಕ್ಕೂ ಇದೇ ಬೇಕು. ಆದರೆ ತಲೆಯ ಮೇಲಿನ ಬೆಳಕಿಂಡಿಗೆ ಬರೀ ಟಫನ್ಡ್ ಸಾಲದು, ಉದುರಿದರೆ ತಲೆ ಮೇಲೇ ಉದುರುತ್ತದಲ್ವಾ? ಅಲ್ಲಿಗೂ ಮೆಟ್ಟಿಲ ರೇಲಿಂಗಿಗೂ ಲ್ಯಾಮಿನೇಟೆಡ್ ಹಾಕಿಸಿ. ಎರಡು ಗಾಜಿನ ನಡುವೆ ಒಂದು ಅಂಟುಪದರ ಇರುತ್ತದೆ. ಬಿರುಕು ಬಿಟ್ಟರೂ ಚೂರುಗಳು ಅದಕ್ಕೇ ಕಚ್ಚಿಕೊಂಡಿರುತ್ತವೆ.

"ಎಲ್ಲಾ ಟಫನ್ಡೇ ಸಾರ್" ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. ಗಾಜಿನ ಮೂಲೆಯಲ್ಲಿ ಅಳಿಸಲಾಗದ ಸಣ್ಣ ಗುರುತು ಇರುತ್ತದೆ. ಐಎಸ್‌ಐ ಚಿಹ್ನೆ, ಐಎಸ್ 2553 (ಸುರಕ್ಷತಾ ಗಾಜಿನ ಭಾರತೀಯ ಮಾನದಂಡದ ಸಂಖ್ಯೆ) ಅಂತ ಇದೆಯಾ ನೋಡಿ, ಆಮೇಲೆ ದುಡ್ಡು ಕೊಡಿ. ಮತ್ತೆ, ಒಂದು ಸಲ ಟಫನ್ ಮಾಡಿದ ಗಾಜನ್ನು ಕತ್ತರಿಸಲೂ ಆಗದು, ತೂತು ಕೊರೆಯಲೂ ಆಗದು. ಅದಕ್ಕೇ ಬಾತ್‌ರೂಮಿನ ಟೈಲ್ಸ್ ಕೆಲಸ ಪೂರ್ತಿ ಮುಗಿದ ಮೇಲೆ ಅಳತೆ ತೆಗೆಸಿ. ಹಿಡಿಕೆ, ಕೀಲು ಎಲ್ಲಿ ಬರಬೇಕು ಅಂತ ಅವತ್ತೇ ಹೇಳಿಬಿಡಿ.