ಜೆವಿ ಮ್ಯಾಚಿಗೆ ಎಷ್ಟು ಜನ ರೆಫರಿ ಬೇಕು?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಚಳಿಗಾಲದ ಸಂಜೆಗಳನ್ನು ಯಾವುದಾದರೂ ಹೈಸ್ಕೂಲಿನ ಜಿಮ್‌ನಲ್ಲಿ ಬಾಸ್ಕೆಟ್‌ಬಾಲ್ ನೋಡುತ್ತಾ ಕಳೆಯುತ್ತೀರಿ. ಮಗ ಆಡುತ್ತಾನೆ, ಮಗಳು ಆಡುತ್ತಾಳೆ, ನೀವು ಮರದ ಮೆಟ್ಟಿಲ ಮೇಲೆ ಕೋಟು ಮಡಚಿಟ್ಟುಕೊಂಡು ನೋಡುತ್ತೀರಿ. ನಾನೂ ಅಲ್ಲೇ ಇರುತ್ತೇನೆ, ಕಪ್ಪು ಬಿಳಿ ಪಟ್ಟೆ ಅಂಗಿ ಹಾಕಿಕೊಂಡು. ರೆಫರಿ ಕೆಲಸ ಶುರು ಮಾಡಿ ಹನ್ನೊಂದು ವರ್ಷ ಆಯಿತು. ಹೆಚ್ಚಾಗಿ ಮಾಡಿದ್ದು ಫ್ರೆಶ್‌ಮನ್ ಮತ್ತು ಜೆವಿ ಪಂದ್ಯಗಳನ್ನೇ. ಹಾಗಾಗಿ ಇವತ್ತು ಒಂದೇ ಪ್ರಶ್ನೆ ಇಟ್ಟುಕೊಂಡು ಬಂದಿದ್ದೇನೆ. ಈ ಪಂದ್ಯಗಳಿಗೆ ಎಷ್ಟು ಜನ ರೆಫರಿ ಇರಬೇಕು?

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಶಾಲೆಯ ಮುಖ್ಯ ತಂಡ ವಾರ್ಸಿಟಿ. ಅದರ ಕೆಳಗೆ ಜೂನಿಯರ್ ವಾರ್ಸಿಟಿ, ಅದೇ ಜೆವಿ. ಅದಕ್ಕೂ ಕೆಳಗೆ ಒಂಬತ್ತನೇ ತರಗತಿಯವರ ಫ್ರೆಶ್‌ಮನ್ ತಂಡ. ವಾರ್ಸಿಟಿಗೆ ಈಗ ಬಹಳ ಕಡೆ ಮೂವರು ರೆಫರಿ. ಕೆಳಗಿನ ಎರಡಕ್ಕೆ ಸಾಮಾನ್ಯವಾಗಿ ಇಬ್ಬರು. ಜನ ಸಿಗದ ದಿನ ಒಬ್ಬರೇ.

ಆ ಒಬ್ಬರೇ ಇದ್ದ ದಿನದ ಕತೆಯಿಂದಲೇ ಶುರು ಮಾಡುತ್ತೇನೆ. ನನ್ನ ಮೂರನೇ ಸೀಸನ್. ಹುಡುಗಿಯರ ಫ್ರೆಶ್‌ಮನ್ ಪಂದ್ಯ, ಹೊರಗೆ ಹಿಮ. ನನ್ನ ಜೊತೆಗಾರ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ. ಎರಡೂ ಕೋಚ್‌ಗಳು "ನೀವೊಬ್ಬರೇ ನಡೆಸಿಬಿಡಿ, ಮಕ್ಕಳು ಬಸ್ಸಲ್ಲಿ ಬಂದಿದ್ದಾರೆ" ಅಂದರು. ನಾನು ಒಪ್ಪಿಕೊಂಡೆ. ಎರಡನೇ ಕ್ವಾರ್ಟರ್‌ನಲ್ಲಿ ಒಂದು ಹುಡುಗಿ ಚೆಂಡು ಕಸಿದುಕೊಂಡು ಓಡಿದಳು. ನಾನೂ ಚೆಂಡಿನ ಹಿಂದೆ ಓಡಿದೆ. ಬುಟ್ಟಿಯ ಹತ್ತಿರಕ್ಕೇ ಹೋಗಿ ಚೆಂಡು ಹಾಕಿದಳು, ಎರಡು ಅಂಕ, ಚಪ್ಪಾಳೆ. ತಿರುಗಿ ನೋಡಿದರೆ ಅಂಕಣದ ಆಚೆ ತುದಿಯಲ್ಲಿ ಇನ್ನೊಬ್ಬಳು ನೆಲದ ಮೇಲೆ ಕೂತಿದ್ದಾಳೆ. ತುಟಿ ಒಡೆದಿದೆ, ಬಿಳಿ ಜೆರ್ಸಿಯ ಕಾಲರ್ ಕೆಂಪಾಗಿದೆ. ಅವಳ ಅಪ್ಪ ಕೆಳಗೆ ಇಳಿದು ಬಂದು ಕೂಗಾಡಲಿಲ್ಲ. ಮೆಲ್ಲಗೆ ಕೇಳಿದರು, "ಏನಾಯ್ತು ಸರ್?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊಣಕೈ ಬೇಕಂತ ತಾಗಿಸಿದ್ದೋ, ಸುಮ್ನೆ ತಾಗಿದ್ದೋ, ಯಾರದ್ದು ಅಂತಲೂ ನಾನು ನೋಡಿರಲಿಲ್ಲ. ಆಮೇಲೆ ಯಾವತ್ತೂ ನಾನು ಒಬ್ಬನೇ ಪಂದ್ಯ ನಡೆಸಿಲ್ಲ.

ಈ ಆಟ ಹುಟ್ಟಿದಾಗಲೇ ಇದಕ್ಕೆ ಇಬ್ಬರು ಬೇಕು ಅಂತ ಗೊತ್ತಿತ್ತು. 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಬರೆದದ್ದು 13 ನಿಯಮ. ಅದರಲ್ಲಿ ಹತ್ತನೆಯದು ಅಂಪೈರ್ ಬಗ್ಗೆ, ಹನ್ನೊಂದನೆಯದು ರೆಫರಿ ಬಗ್ಗೆ. ಅಂಪೈರ್ ಆಟಗಾರರನ್ನು ನೋಡಬೇಕು, ರೆಫರಿ ಚೆಂಡನ್ನು ನೋಡಬೇಕು. ಎಷ್ಟು ಸರಳ ನೋಡಿ. ಚೆಂಡು ನೋಡುವ ಕಣ್ಣು ಬೇರೆ, ಮನುಷ್ಯರನ್ನು ನೋಡುವ ಕಣ್ಣು ಬೇರೆ. ವೃತ್ತಿಪರ ಆಟಗಾರರ ಲೀಗ್ ಎನ್‌ಬಿಎ ಕೂಡ ಬಹಳ ವರ್ಷ ಇಬ್ಬರಲ್ಲೇ ನಡೆಯಿತು. 1978-79ರಲ್ಲಿ ಒಂದು ಸೀಸನ್ ಮೂವರನ್ನು ಇಟ್ಟು ನೋಡಿದರು, ಮತ್ತೆ ಇಬ್ಬರಿಗೇ ಇಳಿದರು. ಮೂರನೆಯವರು ಖಾಯಂ ಆಗಿದ್ದು 1988-89ರಲ್ಲಿ.

ಈಗ ಇಬ್ಬರು ಹೇಗೆ ನಿಲ್ಲುತ್ತಾರೆ ಅಂತ ಹೇಳುತ್ತೇನೆ. ಒಬ್ಬರು ಬುಟ್ಟಿಯ ಕೆಳಗೆ, ಗೆರೆಯ ಹೊರಗೆ. ಅವರು ಲೀಡ್. ಇನ್ನೊಬ್ಬರು ಹಿಂದೆ, ಅರ್ಧ ಗೆರೆಯ ಕಡೆ. ಅವರು ಟ್ರೇಲ್. ಹೈಸ್ಕೂಲ್ ಅಂಕಣ 84 ಅಡಿ ಉದ್ದ, 50 ಅಡಿ ಅಗಲ. ಟ್ರೇಲ್ ಒಂದು ಬದಿಯಲ್ಲಿ ನಿಂತಿದ್ದರೆ, ಎದುರು ಮೂಲೆಯಲ್ಲಿ ಹೊಡೆದ ಶಾಟ್ ಹತ್ತಿರ ಹತ್ತಿರ 50 ಅಡಿ ದೂರ. ನಡುವೆ ಹತ್ತು ಮಕ್ಕಳು. ನಮ್ಮ ಕೆಲಸದಲ್ಲಿ ಹತ್ತಿರ ಇರುವುದಕ್ಕಿಂತ ಮುಖ್ಯವಾದದ್ದು ಒಂದಿದೆ. ಇಬ್ಬರು ಆಟಗಾರರ ನಡುವಿನ ಸಂದು ಕಾಣಬೇಕು. ಸಂದು ಕಂಡರೆ ಕೈ ತಾಗಿತೋ ಇಲ್ಲವೋ ಗೊತ್ತಾಗುತ್ತದೆ. ಒಬ್ಬರ ಬೆನ್ನು ಇನ್ನೊಬ್ಬರಿಗೆ ಅಡ್ಡ ಬಂತು ಅಂದರೆ ಮುಗಿಯಿತು, ನಾವು ಊಹೆ ಮಾಡುತ್ತೇವೆ. ನೀವು ಮೆಟ್ಟಿಲ ಮೇಲಿಂದ "ಅಷ್ಟು ದೊಡ್ಡ ಫೌಲ್ ಕಾಣಲಿಲ್ಲವಾ!" ಅಂತ ಕೂಗುತ್ತೀರಲ್ಲ, ಎಷ್ಟೋ ಸಲ ನಿಜವಾಗಿಯೂ ಕಂಡಿರುವುದಿಲ್ಲ. ನಿಮಗೆ ಸಂದು ಕಾಣುತ್ತಿರುತ್ತದೆ, ನನಗೆ ಬೆನ್ನು ಕಾಣುತ್ತಿರುತ್ತದೆ.

ಮೂರನೆಯವರನ್ನು ಸೆಂಟರ್ ಅನ್ನುತ್ತೇವೆ. ಅವರು ಆಚೆ ಬದಿಯಲ್ಲಿ, ಬುಟ್ಟಿಯ ಮುಂದಿನ ಫ್ರೀ ಥ್ರೋ ಗೆರೆಯ ನೇರಕ್ಕೆ ನಿಲ್ಲುತ್ತಾರೆ. ಅವರಿಗೆ ಕಾಣುವುದೆಲ್ಲ ಇಬ್ಬರೇ ಇದ್ದಾಗ ತಪ್ಪಿಹೋಗುವ ಸಂಗತಿಗಳು. ಆಚೆ ಬದಿಯಿಂದ ಹೊಡೆದವನು ಕೆಳಗಿಳಿಯುವಾಗ ಅವನ ಕಾಲಡಿಗೆ ಬಂದ ಇನ್ನೊಂದು ಪಾದ. ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡಿಗೆ ಹಾರುವವನ ಸೊಂಟಕ್ಕೆ ಹಿಂದಿನಿಂದ ಬಿದ್ದ ತಳ್ಳು. ಕಣಕಾಲು ಉಳುಕುವುದು, ತಲೆ ನೆಲಕ್ಕೆ ಬಡಿಯುವುದು ಇಂಥ ಜಾಗದಲ್ಲೇ ಅಲ್ವಾ?

ಇನ್ನೊಂದು ವಿಷಯ ಹೊರಗಿನವರಿಗೆ ತಿಳಿಯುವುದಿಲ್ಲ. ಕೆಳಗಿನ ಹಂತದ ಆಟ ನಡೆಸುವುದೇ ಕಷ್ಟ. ವಾರ್ಸಿಟಿ ಹುಡುಗರಿಗೆ ಮೈಮೇಲೆ ಹಿಡಿತ ಇರುತ್ತದೆ. ಮುಂದೇನು ಮಾಡುತ್ತಾರೆ ಅಂತ ಒಂದು ಅಂದಾಜು ಸಿಗುತ್ತದೆ. ಹದಿನಾಲ್ಕರ ಹುಡುಗ ಒಂದೇ ವರ್ಷದಲ್ಲಿ ನಾಲ್ಕಿಂಚು ಬೆಳೆದಿರುತ್ತಾನೆ, ಅವನ ಕೈಕಾಲು ಅವನಿಗೇ ಹೊಸದು. ನಿಲ್ಲಬೇಕು ಅಂದುಕೊಂಡ ಜಾಗದಲ್ಲಿ ನಿಲ್ಲಲು ಆಗುವುದಿಲ್ಲ, ಹೋಗಿ ಗುದ್ದುತ್ತಾನೆ. ಚೆಂಡು ಗಳಿಗೆಗೊಮ್ಮೆ ಕೈ ಬದಲಾಗುತ್ತದೆ. ನಾವು 84 ಅಡಿ ಆ ಕಡೆ, 84 ಅಡಿ ಈ ಕಡೆ ಓಡುತ್ತಲೇ ಇರುತ್ತೇವೆ. ಇಂಥ ಆಟಕ್ಕೇ ಕಡಿಮೆ ಕಣ್ಣು, ಅದೂ ಹೊಸ ಕಣ್ಣು.

ಹಾಗಾದರೆ ಎಲ್ಲ ಪಂದ್ಯಕ್ಕೂ ಮೂವರನ್ನು ಇಟ್ಟರೆ ಆಯಿತಲ್ಲ? ಲೆಕ್ಕ ಹಾಕಿ ನೋಡೋಣ. ಒಂದು ಶಾಲೆಯಲ್ಲಿ ಒಂದು ಸಂಜೆ ಮೂರು ಪಂದ್ಯ ಅಂತಿಟ್ಟುಕೊಳ್ಳಿ. ಫ್ರೆಶ್‌ಮನ್ ಮತ್ತು ಜೆವಿ ಎರಡನ್ನೂ ಅದೇ ಇಬ್ಬರು ನಡೆಸುತ್ತಾರೆ, ವಾರ್ಸಿಟಿಗೆ ಬೇರೆ ಮೂವರು. ಒಟ್ಟು ಐದು. ಕೆಳಗೂ ಮೂವರು ಅಂದರೆ ಆರು. ಒಂದು ಸಂಜೆಗೆ ಒಬ್ಬರೇ ಜಾಸ್ತಿ, ಕೇಳಲು ಸಣ್ಣದು. ಆದರೆ ಹತ್ತು ಶಾಲೆಗಳ ಲೀಗ್‌ನಲ್ಲಿ ಹುಡುಗರದು ಐದು ಕಡೆ, ಹುಡುಗಿಯರದು ಐದು ಕಡೆ ಒಂದೇ ಸಂಜೆ ನಡೆದರೆ ಹತ್ತು ಜನ ಹೊಸಬರು ಬೇಕು. ಅವರನ್ನು ಎಲ್ಲಿಂದ ತರುವುದು? ಹೈಸ್ಕೂಲ್ ಆಟಗಳ ನಿಯಮ ಬರೆಯುವ ರಾಷ್ಟ್ರೀಯ ಸಂಸ್ಥೆ ಎನ್‌ಎಫ್‌ಎಚ್‌ಎಸ್ 2022ರಲ್ಲಿ ಒಂದು ಲೆಕ್ಕ ಕೊಟ್ಟಿತು. 2018-19ರಿಂದ ಆಗಿನವರೆಗೆ ಎಲ್ಲ ಆಟ ಸೇರಿ ಸುಮಾರು 50,000 ಜನ ಈ ಕೆಲಸ ಬಿಟ್ಟಿದ್ದರು. ಕೋವಿಡ್ ಒಂದು ಕಾರಣ. ಇನ್ನೊಂದು ಕಾರಣ ಬೈಗುಳ. ನನ್ನ ಜೊತೆ ಶುರು ಮಾಡಿದ ಏಳು ಜನರಲ್ಲಿ ಈಗ ಉಳಿದಿರುವುದು ಇಬ್ಬರು. ಬಿಟ್ಟವರಲ್ಲಿ ಒಬ್ಬ ಹತ್ತೊಂಬತ್ತರ ಹುಡುಗ. ಒಂದು ಜೆವಿ ಪಂದ್ಯ ಮುಗಿದ ಮೇಲೆ ಒಬ್ಬ ತಂದೆ ಅವನ ಕಾರಿನವರೆಗೂ ಬೈಯುತ್ತಾ ಹಿಂಬಾಲಿಸಿದರು. ಮಾರನೇ ವಾರ ಅವನು ಸೀಟಿ ತಂದು ನನ್ನ ಕೈಗೆ ಕೊಟ್ಟುಬಿಟ್ಟ. ನನಗೆ ಇವತ್ತಿಗೂ ಅದು ಸಂಕಟ.

ಮೂವರಿದ್ದರೆ ಆಟ ತಾನಾಗಿ ಸರಿಯಾಗುತ್ತದೆ ಅಂತಲೂ ಇಲ್ಲ. ಮೂವರ ಪದ್ಧತಿಯಲ್ಲಿ ಚೆಂಡು ಆಚೆ ಬದಿಗೆ ಹೋದರೆ ಲೀಡ್ ಆ ಬದಿಗೆ ದಾಟಬೇಕು. ಆಗ ಸೆಂಟರ್ ಟ್ರೇಲ್ ಆಗಬೇಕು, ಟ್ರೇಲ್ ಸೆಂಟರ್ ಆಗಬೇಕು. ಕಲಿಯದವರು ಇದನ್ನು ಮಾಡಿದರೆ ಮೂವರೂ ಒಂದೇ ಕಡೆ ನೋಡುತ್ತಾ ನಿಲ್ಲುತ್ತಾರೆ. ಒಂದೇ ಡಿಕ್ಕಿಗೆ ಒಬ್ಬರು ಬ್ಲಾಕ್ ಅಂತಾರೆ, ಅಂದರೆ ತಪ್ಪು ತಡೆಯುವವನದು; ಇನ್ನೊಬ್ಬರು ಚಾರ್ಜ್ ಅಂತಾರೆ, ಅಂದರೆ ತಪ್ಪು ಚೆಂಡು ಹಿಡಿದು ನುಗ್ಗಿದವನದು. ಹೈಸ್ಕೂಲ್ ನಿಯಮದಲ್ಲಿ ಆಗ ಇಬ್ಬರು ಆಟಗಾರರಿಗೂ ಫೌಲ್ ಬೀಳುತ್ತದೆ. ನಾವು ಮಾಡಿದ ತಪ್ಪಿಗೆ ಮಗುವಿನ ಹೆಸರಿನ ಮುಂದೆ ಗುರುತು. ಐದು ಫೌಲ್ ಆದರೆ ಹೊರಗೆ ಕೂರಬೇಕಾದ ಆಟ ಇದು. ಕಲಿಯದ ಮೂವರಿಗಿಂತ ಕಲಿತ ಇಬ್ಬರೇ ವಾಸಿ.

ಆದರೆ ಕಲಿಯುವುದು ಎಲ್ಲಿ? ನಾನು ಆರು ವರ್ಷ ಇಬ್ಬರ ಪದ್ಧತಿಯಲ್ಲೇ ಬೆಳೆದೆ. ಮೊದಲ ವಾರ್ಸಿಟಿ ಪಂದ್ಯದ ದಿನ, ಸಾವಿರ ಜನರ ಮುಂದೆ, ಸೆಂಟರ್ ಜಾಗದಲ್ಲಿ ಹೋಗಿ ನಿಂತೆ. ಎಲ್ಲಿ ನೋಡಬೇಕು ಅಂತ ಗೊತ್ತಿಲ್ಲದೆ ಅಭ್ಯಾಸ ಬಲದಿಂದ ಚೆಂಡನ್ನೇ ನೋಡಿದೆ. ಅದನ್ನು ನಾನು ಜೆವಿಯಲ್ಲೇ ಕಲಿತಿರಬೇಕಿತ್ತು.

ಅದಕ್ಕೇ ನಮ್ಮ ಕಡೆ ಪಂದ್ಯ ಹಂಚುವ ಅಸೈನರ್ ಹತ್ತಿರ ನಾನು ಪ್ರತಿ ವರ್ಷ ಇದನ್ನೇ ಹೇಳುತ್ತೇನೆ. ಒಬ್ಬರನ್ನೇ ಯಾವತ್ತೂ ಕಳಿಸಬೇಡಿ. ಎರಡು ಪಂದ್ಯಕ್ಕೆ ನಾಲ್ಕು ಜನ ಇದ್ದರೆ ಇಬ್ಬಿಬ್ಬರು, ಮೂರು ಒಂದು ಬೇಡ. ಒಬ್ಬರೇ ಉಳಿದರು ಅಂದರೆ ಫ್ರೆಶ್‌ಮನ್ ಪಂದ್ಯವನ್ನು ಇನ್ನೊಂದು ದಿನಕ್ಕೆ ಹಾಕಿ, ಮಕ್ಕಳಿಗೆ ಬೇಜಾರಾದರೂ ಪರವಾಗಿಲ್ಲ. ಜೆವಿಗೆ ಇಬ್ಬರು ಅನುಭವಸ್ಥರು ಸಿಕ್ಕ ದಿನ ಮೂರನೆಯ ಜಾಗವನ್ನು ಕಲಿಯುವವರಿಗೆ ಕೊಡಿ.

ಹಣ? ಒಂದು ಪಂದ್ಯಕ್ಕೆ ಒಬ್ಬ ರೆಫರಿಗೆ ಸಿಗುವುದನ್ನು ಒಂದು ಪಾಲು ಅನ್ನೋಣ. ಫ್ರೆಶ್‌ಮನ್, ಜೆವಿ ಒಂದರ ಹಿಂದೆ ಒಂದು ಇದ್ದರೆ ಶಾಲೆ ಕೊಡುವುದು ನಾಲ್ಕು ಪಾಲು. ಇಬ್ಬರೇ ಮಾಡಿದರೆ ತಲಾ ಎರಡು. ಮೂವರು ಹಂಚಿಕೊಂಡರೆ ತಲಾ ಒಂದೂ ಕಾಲು ಚಿಲ್ಲರೆ. ನಾನು ಸೀಸನ್‌ನ ಮೊದಲ ಮೂರು ವಾರ ಹೀಗೇ ಹಂಚಿಕೊಳ್ಳುತ್ತೇನೆ. ಎಲ್ಲರೂ ಹಾಗೆ ಮಾಡಬೇಕು ಅಂತ ಕೇಳಲಾರೆ. ಪೆಟ್ರೋಲ್ ಹಾಕಿಸಿಕೊಂಡು ಕೆಲಸ ಮುಗಿಸಿ ಓಡಿ ಬರುವವರು ಅವರು. ಶಾಲೆಗಳು ಆ ಮೂರು ವಾರಕ್ಕೆ ಮಾತ್ರ ಎರಡು ಪಾಲು ಜಾಸ್ತಿ ಕೊಟ್ಟರೆ ಸಾಕು ಅಂತ ನನ್ನ ಲೆಕ್ಕ.

ಕಳೆದ ಡಿಸೆಂಬರ್‌ನಲ್ಲಿ ಹೀಗೇ ಒಂದು ಜೆವಿ ಪಂದ್ಯಕ್ಕೆ ಕಾಲೇಜು ಓದುವ ಹುಡುಗಿ ಮೂರನೆಯವಳಾಗಿ ಬಂದಳು. ಮೊದಲ ಅರ್ಧದಲ್ಲಿ ಸೀಟಿ ಬಾಯಲ್ಲೇ ಇತ್ತು, ಒಂದು ಸಲವೂ ಊದಲಿಲ್ಲ. ಬಿಡುವಿನಲ್ಲಿ ನಾನು ಹೇಳಿದೆ, "ಚೆಂಡು ನನಗೆ ಬಿಡು. ಅದು ಇಲ್ಲದ ಕಡೆ ನೋಡು." ಮೂರನೇ ಕ್ವಾರ್ಟರ್‌ನಲ್ಲಿ ನನ್ನ ಬೆನ್ನ ಹಿಂದೆ ಸೀಟಿ ಕೇಳಿಸಿತು. ತಿರುಗಿದರೆ ಅವಳ ಕೈ ನೆಟ್ಟಗೆ ಮೇಲಿದೆ. ಒಬ್ಬ ಹುಡುಗ ಇನ್ನೊಬ್ಬನ ಅಂಗಿ ಹಿಡಿದು ಎಳೆದು ಮೊಣಕೈ ಹಾಕಲು ಹೊರಟಿದ್ದ. ಪೆಟ್ಟು ಬೀಳುವ ಮೊದಲೇ ಅವಳು ನಿಲ್ಲಿಸಿದ್ದಳು. ನನಗೆ ತಕ್ಷಣ ಆ ಬಿಳಿ ಜೆರ್ಸಿ ನೆನಪಾಯಿತು.

ಪಂದ್ಯಗಳು ನವೆಂಬರ್ ಕೊನೆಗೆ ಶುರು. ಅದಕ್ಕೂ ಮೊದಲು ಹೊಸಬರಿಗೆ ತರಗತಿ ಇರುತ್ತದೆ, ನಿಯಮದ ಪರೀಕ್ಷೆ ಇರುತ್ತದೆ. ಐವತ್ತು ದಾಟಿದವರೂ ಬರಬಹುದು, ಮೂವರಿದ್ದರೆ ಓಟ ಅಷ್ಟು ಇರುವುದಿಲ್ಲ. ಹೆಸರು ಬರೆಯುವ ಹಾಳೆ ಆ ಬಾಗಿಲ ಹತ್ತಿರ ಕಾಫಿ ಮೇಜಿನ ಮೇಲೆ ಇಟ್ಟಿದ್ದೇನೆ. ಮೊದಲ ದಿನದ ಸೀಟಿ ನಾನೇ ತರುತ್ತೇನೆ.