ಧಾರವಾಡದಿಂದ ಗದಗಿಗೆ ಒಂದು ಫೈಲು, ನಡುವೆ ಒಂದು ಪೋರ್ಟು

ಲಕ್ಕುಂಡಿಯ ಕಾಶಿ ವಿಶ್ವೇಶ್ವರ ದೇವಾಲಯದಲ್ಲಿ ಚಿತ್ರೀಕರಿಸಿದ ನಲವತ್ತು ಜಿಬಿ ದೃಶ್ಯಗಳನ್ನು ಧಾರವಾಡದ ನನ್ನ ಮನೆಯಿಂದ, ಅವನ್ನು ಸಂಕಲಿಸಲಿರುವ ಗದಗಿನ ಗೆಳೆಯನಿಗೆ ಕಳುಹಿಸಬೇಕಿತ್ತು. ಹಾರ್ಡ್ ಡಿಸ್ಕನ್ನು ಬಸ್ಸಿಗೆ ಹಾಕಿದ್ದರೆ ಸಂಜೆಯೊಳಗೆ ಮುಟ್ಟುತ್ತಿತ್ತು. ನಾನು ಹಟಕ್ಕೆ ಬಿದ್ದು ಟೊರೆಂಟ್ ಮಾಡಿದೆ, ಅಂದರೆ ಫೈಲನ್ನು ತುಣುಕುಗಳಾಗಿ ನನ್ನ ಕಂಪ್ಯೂಟರಿನಿಂದ ಅವನದಕ್ಕೆ ನೇರವಾಗಿ ಕಳುಹಿಸಲು ಹೊರಟೆ. ಇಡೀ ರಾತ್ರಿ ಅವನ ಪರದೆಯ ಮೇಲೆ ಸೊನ್ನೆ ಅಲುಗಲಿಲ್ಲ.

ಟೊರೆಂಟ್ ನಡೆಸುವ ಸಾಫ್ಟ್‌ವೇರಾದ ಕ್ಯೂಬಿಟ್‌ಟೊರೆಂಟ್‌ನ ಸೆಟ್ಟಿಂಗ್ಸ್ ತೆರೆದು ನೋಡಿದೆ. ಒಳಬರುವ ಸಂಪರ್ಕಗಳಿಗೆಂದು ಅಲ್ಲಿ ನಮೂದಿಸಿರುವ ಸಂಖ್ಯೆಯೇ ಪೋರ್ಟ್. ಐಪಿ ವಿಳಾಸವು ಡೇಟಾವನ್ನು ಯಂತ್ರದವರೆಗೆ ತಲುಪಿಸಿದರೆ, ಅದನ್ನು ಯಾವ ಸಾಫ್ಟ್‌ವೇರಿಗೆ ಒಪ್ಪಿಸಬೇಕೆಂಬುದನ್ನು 65535ರವರೆಗೆ ಹೋಗಬಹುದಾದ ಈ ಸಂಖ್ಯೆ ತಿಳಿಸುತ್ತದೆ. ಬ್ರ್ಯಾಮ್ ಕೋಹೆನ್ 2001ರಲ್ಲಿ ರೂಪಿಸಿದ, ಟೊರೆಂಟ್‌ಗಳ ಹಿಂದಿನ ವಿಧಾನವಾದ ಬಿಟ್‌ಟೊರೆಂಟ್‌ಗೆ 6881ರಿಂದ 6889ರವರೆಗಿನ ಪೋರ್ಟುಗಳು ವಾಡಿಕೆಯಾಗಿದ್ದವು. ಕೆಲವು ಇಂಟರ್‌ನೆಟ್ ಸೇವಾದಾರರು ಅವನ್ನೇ ಗುರುತಿಸಿ ತಡೆಯತೊಡಗಿದ್ದರಿಂದ ಈಗ ಬೇರೆ ಸಂಖ್ಯೆಗಳನ್ನು ಆರಿಸಿಕೊಳ್ಳುವುದೇ ಹೆಚ್ಚು.

ಜಾಲತಾಣ ತೆರೆಯುವಾಗ ಕದ ತಟ್ಟುವವರು ಯಾವಾಗಲೂ ನಾವು, ತೆರೆಯುವುದು ಸರ್ವರ್. ಬಳಕೆದಾರರ ಯಂತ್ರಗಳೇ ಪರಸ್ಪರ ಮಾತಾಡುವ ಪೀರ್ ಟು ಪೀರ್ ಹಂಚಿಕೆಯಲ್ಲಿ ಸರ್ವರ್ ಇಲ್ಲದ ಕಾರಣ, ಇಬ್ಬರಲ್ಲಿ ಒಬ್ಬರ ಪೋರ್ಟಾದರೂ ಹೊರಗಿನಿಂದ ತೆರೆದಿರಬೇಕು. ನನ್ನ ರೂಟರ್, ಸಾಫ್ಟ್‌ವೇರ್ ಕೇಳಿದ ಪೋರ್ಟನ್ನು ತಾನಾಗಿ ತೆರೆಯುವ ಯುಪಿಎನ್‌ಪಿ ಮೂಲಕ ಪೋರ್ಟ್ ತೆರೆದಿರುವುದಾಗಿ ಹೇಳುತ್ತಿತ್ತು, ಅದು ಸುಳ್ಳೂ ಅಲ್ಲ. ಆದರೆ ಅದೇ ಪುಟದಲ್ಲಿ, ಹೊರವಿಳಾಸದ ಸಾಲಿನಲ್ಲಿ, 100.72 ಎಂದು ಆರಂಭವಾಗುವ ಅಂಕಿಗಳಿದ್ದವು. 100.64ರಿಂದ 100.127ರವರೆಗಿನ ಈ ವಿಳಾಸಗಳು, ಸೇವಾದಾರರು ಅನೇಕ ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರಿಸುವುದಕ್ಕೆಂದೇ ಮೀಸಲಾಗಿವೆ. ಹುಬ್ಬಳ್ಳಿಯ ಹಳೆಯ ಚಾಳಿನಲ್ಲಿ ನನ್ನ ಖೋಲಿಯ ಬಾಗಿಲು ತೆರೆದಿದ್ದು, ಬೀದಿಯ ಗೇಟಿಗೆ ಬೀಗ ಬಿದ್ದಂತೆ ಇದು. ಗೆಳೆಯನ ಕಡೆಯೂ ಅದೇ ಸ್ಥಿತಿ ಇದ್ದುದರಿಂದ ಇಬ್ಬರೂ ಬೆಳಗಿನವರೆಗೆ ಪರಸ್ಪರರ ಬೀಗವನ್ನು ತಟ್ಟುತ್ತಿದ್ದೆವು.

ತಿಂಗಳಿಗಿಷ್ಟೆಂದು ಹೆಚ್ಚುವರಿ ಹಣ ಕಟ್ಟಿ ನಾನು ಸ್ಟ್ಯಾಟಿಕ್ ಐಪಿ, ಅಂದರೆ ನನ್ನ ಮನೆಗೇ ಮೀಸಲಾದ ಬದಲಾಗದ ಸಾರ್ವಜನಿಕ ವಿಳಾಸ ಪಡೆದೆ. ರೂಟರಿನಲ್ಲಿ ಒಂದೇ ಪೋರ್ಟನ್ನು, ಡೇಟಾ ಸಾಗಿಸುವ ಎರಡು ವಿಧಾನಗಳಾದ ಟಿಸಿಪಿ ಮತ್ತು ಯುಡಿಪಿ ಎರಡಕ್ಕೂ ನನ್ನ ಕಂಪ್ಯೂಟರಿಗೆ ಫಾರ್ವರ್ಡ್ ಮಾಡಿ, ವಿಂಡೋಸ್ ಫೈರ್‌ವಾಲ್‌ನಲ್ಲಿಯೂ ಅನುಮತಿ ಕೊಟ್ಟೆ. ಯುಡಿಪಿಯನ್ನು ಬಿಡುವಂತಿಲ್ಲ, ಹಂಚಿಕೊಳ್ಳುವವರ ಪಟ್ಟಿ ಇಡುವ ಟ್ರ್ಯಾಕರ್ ಇಲ್ಲದೆಯೇ ಪೀರ್‌ಗಳ, ಅಂದರೆ ಹಂಚಿಕೊಳ್ಳುವ ಯಂತ್ರಗಳ ವಿಳಾಸ ಮತ್ತು ಪೋರ್ಟನ್ನು ಹುಡುಕಿಕೊಡುವ ಡಿಎಚ್‌ಟಿ ನಡೆಯುವುದು ಅದರ ಮೇಲೆಯೇ.

ಗೆಳೆಯನ ಕಡೆ ಏನನ್ನೂ ಬದಲಿಸಲಿಲ್ಲ. ಅವನ ಯಂತ್ರವೇ ನನ್ನ ಪೋರ್ಟಿಗೆ ಕರೆ ಮಾಡಿತು, ಒಮ್ಮೆ ಕೂಡಿದ ಸಂಪರ್ಕದಲ್ಲಿ ಡೇಟಾ ಎರಡೂ ದಿಕ್ಕಿಗೆ ಹರಿಯುತ್ತದೆ. ತುಣುಕುಗಳು ಅನುಕ್ರಮವಾಗಿ ಬರುವುದಿಲ್ಲವಾದ್ದರಿಂದ ಅವನಲ್ಲಿ ಮೊದಲು ಪೂರ್ಣಗೊಂಡದ್ದು ನಾನು ಕೊನೆಗೆ ಚಿತ್ರೀಕರಿಸಿದ ಬಾಗಿಲುವಾಡದ ಕೆತ್ತನೆ. ಉಳಿದದ್ದು ಇನ್ನೂ ಹೋಗುತ್ತಿದೆ. ಅಲ್ಲಿಯವರೆಗೆ ಈ ಕಂಪ್ಯೂಟರನ್ನು ನಾನು ಆರಿಸುವಂತಿಲ್ಲ.